ಗೆಳೆಯರೊಂದಿಗೆ ಗ್ರೀಕ್ ದ್ವೀಪಗಳ ಕ್ರೂಸ್: ಮುಂಬೈ ಕಡೆಯಿಂದ ಹೊರಡುವವರಿಗೆ ಒಂದು ಕೈಪಿಡಿ

ಗ್ರೀಕ್ ದ್ವೀಪಗಳ ಕ್ರೂಸ್ ಆರಿಸುವಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ದರವನ್ನೂ ಆಮೇಲೆ ದ್ವೀಪಗಳ ಸಂಖ್ಯೆಯನ್ನೂ ನೋಡುತ್ತಾರೆ. ನಾಲ್ಕು ರಾತ್ರಿಗೆ ಐದು ಬಂದರು ಎಂದು ಜಾಹೀರಾತಿನಲ್ಲಿ ಕಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಿಸುತ್ತದೆ. ಆದರೆ ಈ ಪ್ರವಾಸ ಚೆನ್ನಾಗಿ ಆಗುವುದು ಬೇರೊಂದು ಲೆಕ್ಕದ ಮೇಲೆ: ಹಡಗು ಒಂದೊಂದು ಕಡೆ ಎಷ್ಟು ಹೊತ್ತು ನಿಲ್ಲುತ್ತದೆ, ಅದರಲ್ಲಿ ನಿಮ್ಮ ಕೈಗೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ, ಆ ಗಂಟೆಗಳನ್ನು ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ಗುಂಪಿನವರಿಗೆ ಒಮ್ಮತವಿದೆಯೇ. ಮುಂಬೈ, ಪುಣೆ, ಗೋವಾಗಳಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರು ಸೇರಿ ಇಂಥ ಪ್ರವಾಸಕ್ಕೆ ಹೊರಡುವುದಾದರೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನಿರ್ಧರಿಸಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಹಡಗಿಗಿಂತ ಮೊದಲು ಗುಂಪು

ಟಿಕೆಟ್ ಕೊಳ್ಳುವ ಮೊದಲು ಎಲ್ಲರೂ ಒಂದು ಸಂಜೆ ಎದುರೆದುರು ಕೂರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಎಲ್ಲದಕ್ಕೂ ಒಪ್ಪುತ್ತಾರೆ. ಯಾರಿಗೆ ಮೊಣಕಾಲು ನೋವು, ಯಾರ ರಜೆ ಇನ್ನೂ ಮಂಜೂರಾಗಿಲ್ಲ, ಯಾರ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿದೆ ಎಂಬುದು ಅಲ್ಲಿ ಹೊರಬೀಳುವುದಿಲ್ಲ. ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾಫಿ ತರಿಸಿಕೊಂಡು ಎರಡು ಗಂಟೆ ಮಾತನಾಡಿದರೆ ಇವೆಲ್ಲ ತಾವಾಗಿಯೇ ಗೊತ್ತಾಗುತ್ತವೆ. ಒಬ್ಬರಿಗೆ ಪುರಾತನ ಅವಶೇಷಗಳನ್ನು ನೋಡುವ ಆಸೆ, ಇನ್ನೊಬ್ಬರಿಗೆ ಸಮುದ್ರಸ್ನಾನ, ಮತ್ತೊಬ್ಬರಿಗೆ ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ಏನೂ ಮಾಡದೆ ಕೂರುವ ಹಂಬಲ ಇರಬಹುದು, ಮತ್ತು ಈ ಮೂರಕ್ಕೂ ಒಂದೇ ಹಡಗಿನಲ್ಲಿ ಜಾಗವಿದೆ ಎಂಬುದೇ ಗುಂಪಿಗೆ ಕ್ರೂಸ್ ಒದಗಿಸುವ ದೊಡ್ಡ ಅನುಕೂಲ. ಆದುದರಿಂದ ಹಗಲು ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು, ರಾತ್ರಿಯ ಊಟಕ್ಕೆ ಮಾತ್ರ ಎಲ್ಲರೂ ಒಂದೇ ಮೇಜಿಗೆ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂದು ಹಟ ಹಿಡಿದ ಗುಂಪು ಅರ್ಧ ದಿನವನ್ನು ಒಬ್ಬರಿಗೊಬ್ಬರು ಕಾಯುವುದರಲ್ಲೇ ಕಳೆಯುತ್ತದೆ.

ಕ್ರೂಸಿನ ದರವನ್ನು ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದಲ್ಲಿ ಹೇಳುತ್ತಾರೆ. ಗುಂಪಿನಲ್ಲಿ ಐದೋ ಏಳೋ ಜನರಿದ್ದರೆ ಒಂಟಿಯಾಗಿ ಉಳಿಯುವವರು ಸುಮಾರು ಇಬ್ಬರ ದರವನ್ನೇ ತೆರಬೇಕಾಗಬಹುದು. ಆ ಹೆಚ್ಚುವರಿ ಹಣವನ್ನು ಒಬ್ಬರ ತಲೆಯ ಮೇಲೆ ಹಾಕುವುದೋ ಎಲ್ಲರೂ ಹಂಚಿಕೊಳ್ಳುವುದೋ ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕಾದ ವಿಷಯ; ಹಂಚಿಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಒಂಟಿಯಾಗಿ ಉಳಿಯುವುದು ಅವರ ಆಯ್ಕೆಯಲ್ಲ, ಸಂಖ್ಯೆಯ ಕಾರಣ. ಮೂವರು ಒಂದೇ ಕ್ಯಾಬಿನ್‌ನಲ್ಲಿ ಇರಬಹುದಾದರೂ ಮೂರನೆಯ ಹಾಸಿಗೆ ಗೋಡೆಯಿಂದ ಕೆಳಗಿಳಿಸುವಂಥದೋ ಸೋಫಾ ಬಿಚ್ಚಿ ಹಾಸುವಂಥದೋ ಆಗಿರುತ್ತದೆ, ಸ್ನಾನದ ಮನೆ ತೀರಾ ಇಕ್ಕಟ್ಟು. ಹಾಗೆಯೇ ಒಬ್ಬರಿಗೆ ವೀಸಾ ಸಿಗದೆ ಹೋದರೆ ಉಳಿದವರು ಹೊರಡುತ್ತಾರೆಯೇ, ಆ ಒಬ್ಬರ ನಷ್ಟವನ್ನು ಯಾರು ಭರಿಸುತ್ತಾರೆ ಎಂಬ ಅಹಿತಕರ ಪ್ರಶ್ನೆಯನ್ನೂ ಆಗಲೇ ಎತ್ತಿಬಿಡಬೇಕು. ಹಣದ ಲೆಕ್ಕ ಒಬ್ಬರ ಕೈಯಲ್ಲಿರಲಿ. ಖರ್ಚು ಹಂಚುವ ಆ್ಯಪ್ ಒಂದರಲ್ಲಿ ಆಯಾ ದಿನದ ಲೆಕ್ಕವನ್ನು ಅವತ್ತೇ ರಾತ್ರಿ ಬರೆದು ಮುಗಿಸಲಿ.

ಹಡಗಿನ ಪ್ರಯಾಣ ಯಾರಿಗೂ ಅಭ್ಯಾಸವಿಲ್ಲದಿದ್ದರೆ ಮುಂಬೈನಿಂದ ಗೋವಾ ಕಡೆಗೆ ಹೋಗುವ ಕ್ರೂಸ್‌ನಲ್ಲಿ ಮಳೆಗಾಲ ಕಳೆದ ಮೇಲೆ ಒಂದೆರಡು ರಾತ್ರಿ ಇದ್ದು ನೋಡುವುದು ಜಾಣತನ. ಯಾರಿಗೆ ತಲೆ ಸುತ್ತುತ್ತದೆ, ಯಾರು ಯಾರೊಂದಿಗೆ ಒಂದು ಸಣ್ಣ ಕೋಣೆಯಲ್ಲಿ ಹೊಂದಿಕೊಳ್ಳುತ್ತಾರೆ ಎಂಬುದು ಮನೆಯ ಹತ್ತಿರವೇ ತಿಳಿದುಬಿಡುತ್ತದೆ.

ಯಾವಾಗ, ಯಾವ ಮಾರ್ಗ

ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಹೋಗುವುದು ಉತ್ತಮ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು 35 ಡಿಗ್ರಿಯನ್ನು ದಾಟುವುದುಂಟು, ಜನಸಂದಣಿಯೂ ಆಗಲೇ ಅತಿ ಹೆಚ್ಚು. ಅದಕ್ಕಿಂತ ಮುಖ್ಯವಾದ ಕಾರಣ ಮೆಲ್ಟೆಮಿ ಎಂಬ ಉತ್ತರದ ಗಾಳಿ. ಬೇಸಿಗೆಯಲ್ಲಿ, ಅದರಲ್ಲೂ ಜುಲೈ ಮತ್ತು ಆಗಸ್ಟ್‌ನಲ್ಲಿ, ಈ ಗಾಳಿ ಏಜಿಯನ್ ಸಮುದ್ರದ ಮೇಲೆ ದಿನಗಟ್ಟಲೆ ಬೀಸುತ್ತದೆ. ಆಕಾಶ ಶುಭ್ರವಾಗಿ ನೀಲಿಯಾಗಿರುವಾಗಲೇ ಸಮುದ್ರ ಕೆರಳಿ, ಮಿಕೊನೊಸ್‌ನಂಥ ಗಾಳಿಗೆ ಒಡ್ಡಿಕೊಂಡ ದ್ವೀಪದಲ್ಲಿ ಹಡಗು ನಿಲ್ಲಿಸಲಾಗದೆ ಕ್ಯಾಪ್ಟನ್ ಮುಂದೆ ಸಾಗಬೇಕಾಗುತ್ತದೆ. ಬಂದರು ಬದಲಿಸುವ ಹಕ್ಕು ಕ್ರೂಸ್ ಕಂಪನಿಗೆ ಒಪ್ಪಂದದಲ್ಲೇ ಇರುತ್ತದೆ. ಮೇ ಕೊನೆಯ ವಾರ ಮುಂಬೈಯವರಿಗೆ ಇನ್ನೊಂದು ಕಾರಣಕ್ಕೂ ಅನುಕೂಲ: ಮಕ್ಕಳ ರಜೆ ಇನ್ನೂ ಮುಗಿದಿರುವುದಿಲ್ಲ, ಮಳೆಯಿಂದ ವಿಮಾನಗಳು ತಡವಾಗುವ ಕಾಲ ಆರಂಭವಾಗಿರುವುದಿಲ್ಲ. ಗಣೇಶ ಚೌತಿ ಮುಗಿಸಿಕೊಂಡು ಹೊರಡುವವರಿಗೆ ಸೆಪ್ಟೆಂಬರ್ ಕೊನೆ ಹೊಂದುತ್ತದೆ. ಆಗ ಸಮುದ್ರದ ನೀರು ಮೇ ತಿಂಗಳಿಗಿಂತ ಬೆಚ್ಚಗಿರುತ್ತದೆ.

ಮಾರ್ಗಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಮೂರು, ನಾಲ್ಕು ಅಥವಾ ಏಳು ರಾತ್ರಿಗಳ ಕ್ರೂಸ್‌ಗಳು ಒಂದು ಬಗೆ. ಇವು ಮಿಕೊನೊಸ್, ಸ್ಯಾಂಟೊರಿನಿ, ರೋಡ್ಸ್, ಕ್ರೀಟ್, ಪಟ್ಮೋಸ್ ದ್ವೀಪಗಳನ್ನೂ ಟರ್ಕಿಯ ಕುಶಾದಸಿಯನ್ನೂ ನಾನಾ ರೀತಿಯಲ್ಲಿ ಪೋಣಿಸುತ್ತವೆ. ಇಟಲಿಯ ಬಂದರುಗಳಿಂದ ಹೊರಟು ಏಡ್ರಿಯಾಟಿಕ್ ಸಮುದ್ರ ದಾಟಿ ಕಾರ್ಫು ಮತ್ತು ಒಂದೆರಡು ಏಜಿಯನ್ ದ್ವೀಪಗಳನ್ನು ಮುಟ್ಟುವ ದೊಡ್ಡ ಹಡಗುಗಳು ಇನ್ನೊಂದು ಬಗೆ. ಇವುಗಳಲ್ಲಿ ಕೆಲವಕ್ಕೆ ವೆನಿಸ್‌ನಿಂದ ಹೊರಡುವ ಕ್ರೂಸ್ ಎಂದು ಹೆಸರಿದ್ದರೂ, ದೊಡ್ಡ ಹಡಗುಗಳಿಗೆ ವೆನಿಸ್ ನಗರದ ನಡುವಿನ ಕಾಲುವೆಯಲ್ಲಿ 2021ರ ಆಗಸ್ಟ್‌ನಿಂದ ಪ್ರವೇಶವಿಲ್ಲದ ಕಾರಣ ಹಡಗು ಏರುವ ಜಾಗ ಬೇರೆ ಊರಿನಲ್ಲಿರಬಹುದು. ವಿಮಾನದ ಟಿಕೆಟ್ ಮಾಡುವ ಮೊದಲು ಬಂದರಿನ ಹೆಸರನ್ನು ಓದಿಕೊಳ್ಳಬೇಕು. ದ್ವೀಪಗಳೇ ಉದ್ದೇಶವಾಗಿದ್ದರೆ ಪಿರೇಯಸ್‌ನಿಂದ ಹೊರಡುವುದೇ ಲೇಸು.

ಮಾರ್ಗ ಆರಿಸುವಾಗ ಕೈಯಲ್ಲಿ ಪೆನ್ನು ಹಿಡಿದು ಒಂದು ಕೆಲಸ ಮಾಡಿ. ಕಂಪನಿ ಕೊಡುವ ವೇಳಾಪಟ್ಟಿಯಲ್ಲಿ ಪ್ರತಿ ಬಂದರಿನ ಆಗಮನ ಮತ್ತು ನಿರ್ಗಮನದ ವೇಳೆ ಇರುತ್ತದೆ. ಬಂದ ಮೇಲೆ ಇಳಿಯಲು ಅನುಮತಿ ಸಿಗುವವರೆಗಿನ ಸಮಯವನ್ನೂ, ಹೊರಡುವ ಮೊದಲು ಎಲ್ಲರೂ ಹಡಗಿನಲ್ಲಿರಬೇಕಾದ ಅರ್ಧ ಗಂಟೆಯಿಂದ ಒಂದು ಗಂಟೆಯನ್ನೂ ಕಳೆಯಿರಿ. ಹಡಗು ನೇರವಾಗಿ ಕಟ್ಟೆಗೆ ತಾಗಿ ನಿಲ್ಲುವುದೇ, ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುವುದೇ ಎಂದು ನೋಡಿ. ದೋಣಿಯಾದರೆ ಹೋಗಿಬರುವುದಕ್ಕೆ ಇನ್ನೊಂದು ಗಂಟೆ ಕಳೆಯಿರಿ. ಉಳಿದದ್ದೇ ನಿಮ್ಮ ಪಾಲು. ಸಂಜೆ ಆರಕ್ಕೆ ಮಿಕೊನೊಸ್ ತಲುಪಿ ರಾತ್ರಿ ಹನ್ನೊಂದಕ್ಕೆ ಹೊರಡುವ ಹಡಗಿನಲ್ಲಿ ಊರಿನ ಓಣಿಗಳೂ ಒಂದು ಊಟವೂ ಸಿಗುತ್ತವೆ, ಪಕ್ಕದ ಪುರಾತನ ಅವಶೇಷಗಳ ದ್ವೀಪ ಡೆಲೋಸ್ ಸಿಗುವುದಿಲ್ಲ. ಸ್ಯಾಂಟೊರಿನಿಯಿಂದ ಸಂಜೆ ಆರಕ್ಕೇ ಹೊರಟುಬಿಡುವ ಹಡಗಿನಲ್ಲಿ ಹೋದವರಿಗೆ ಆ ದ್ವೀಪದ ಹೆಸರಾಂತ ಸೂರ್ಯಾಸ್ತ ದಡದಿಂದ ಕಾಣುವುದಿಲ್ಲ, ಏಕೆಂದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಹಾಗಾಗಿ ನಾಲ್ಕು ರಾತ್ರಿಗೆ ಐದು ಬಂದರುಗಳ ಓಟಕ್ಕಿಂತ ಏಳು ರಾತ್ರಿಗಳ ನಿಧಾನದ ಮಾರ್ಗವನ್ನೇ ನಾನು ಹೇಳುತ್ತೇನೆ. ರಜೆ ಅಷ್ಟಿಲ್ಲದಿದ್ದರೆ ಬಂದರುಗಳು ಕಡಿಮೆ ಇರುವ, ನಿಲುಗಡೆ ಹೆಚ್ಚಿರುವ ನಾಲ್ಕು ರಾತ್ರಿಯ ಮಾರ್ಗವನ್ನು ಹುಡುಕಿ.

ವೀಸಾ ಮತ್ತು ಹೆಸರಿನ ವಿಷಯ

ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಗ್ರೀಸ್ ಇದೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಿರಬೇಕು. ಬೇಸಿಗೆಯ ಪ್ರಯಾಣಕ್ಕೆ ಅರ್ಜಿಯ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುವುದರಿಂದ ಮೂರು ತಿಂಗಳ ಮೊದಲೇ ತೊಡಗಬೇಕು. ವಯಸ್ಕರಿಗೆ ವೀಸಾ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್‌ನಿಂದ ಹೊರಬರುವ ದಿನದಿಂದ ಮುಂದೆ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಿರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಕ್ರೂಸ್ ಪ್ರಯಾಣವೂ ಹಡಗಿನ ಮೇಲಿನ ಚಿಕಿತ್ಸೆಯೂ ಅದರಲ್ಲಿ ಸೇರಿವೆಯೇ ಎಂದು ಪಾಲಿಸಿ ಓದಿ ನೋಡಿ. ಇಟಲಿಯಿಂದ ಹೊರಡುವ ಹಡಗಾದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಎರಡೂ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ.

ಗುಂಪುಗಳು ಎಡವುವುದು ಟರ್ಕಿಯ ವಿಷಯದಲ್ಲಿ. ಹಡಗು ಕುಶಾದಸಿಗೆ ಹೋಗಿ ಮತ್ತೆ ಗ್ರೀಕ್ ದ್ವೀಪಕ್ಕೆ ಬರುವುದೆಂದರೆ ನೀವು ಷೆಂಗೆನ್‌ನಿಂದ ಹೊರಗೆ ಹೋಗಿ ಮರಳಿ ಒಳಗೆ ಬಂದಂತೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾವನ್ನೇ ಕೇಳಬೇಕು, ಅರ್ಜಿಯ ಜೊತೆ ಕ್ರೂಸಿನ ಪೂರ್ಣ ವೇಳಾಪಟ್ಟಿಯನ್ನು ಲಗತ್ತಿಸಬೇಕು, ವೀಸಾ ಕೈಗೆ ಬಂದ ಕೂಡಲೇ ಪ್ರತಿಯೊಬ್ಬರದನ್ನೂ ತೆರೆದು ಪ್ರವೇಶಗಳ ಸಂಖ್ಯೆಯನ್ನು ಓದಬೇಕು. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇರುವ ಭಾರತೀಯರು ಟರ್ಕಿಯ ಇ-ವೀಸಾವನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು. ಹಗಲು ಮಾತ್ರ ಇಳಿದು ಬರುವ ಕ್ರೂಸ್ ಪ್ರಯಾಣಿಕರಿಗೆ ಅದು ಬೇಕೇ ಎಂಬುದಕ್ಕೆ ಕ್ರೂಸ್ ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತು ಸಾಲದು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಪಾಸ್‌ಪೋರ್ಟಿನಲ್ಲಿರುವ ಹೆಸರು. ಮುಂಬೈಯಲ್ಲಿ ಹುಟ್ಟಿ ಬೆಳೆದವರಿಗೆ ಸಾಮಾನ್ಯವಾಗಿ ಶೆಟ್ಟಿ, ಪೂಜಾರಿ, ಕುಲಕರ್ಣಿ ಎಂದೇನಾದರೂ ಅಡ್ಡಹೆಸರು ಇರುತ್ತದೆ, ಆದರೆ ಮೈಸೂರು, ಹಾಸನದ ಕಡೆಯಿಂದ ಬಂದ ಗೆಳೆಯರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿರುವುದುಂಟು. ವಿಮಾನ ಮತ್ತು ಕ್ರೂಸ್ ಕಂಪನಿಗಳ ನಮೂನೆಗಳು ಎರಡೂ ಹೆಸರುಗಳನ್ನು ಕೇಳುತ್ತವೆ. ಒಬ್ಬೊಬ್ಬ ಏಜೆಂಟರು ಒಂದೊಂದು ರೀತಿ ತುಂಬಿ, ಕೊನೆಗೆ ವಿಮಾನದ ಟಿಕೆಟಿನಲ್ಲಿ ಒಂದು, ಕ್ರೂಸ್ ಟಿಕೆಟಿನಲ್ಲಿ ಇನ್ನೊಂದು ಹೆಸರು ಉಳಿಯುತ್ತದೆ. ಖಾಲಿ ಜಾಗವನ್ನು ಹೇಗೆ ತುಂಬಬೇಕೆಂದು ಆಯಾ ಕಂಪನಿಯನ್ನೇ ಕೇಳಿ, ಎಲ್ಲ ಕಾಗದಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು ಹೊಂದುವಂತೆ ನೋಡಿಕೊಳ್ಳಿ. ದುಬೈ ಮೂಲಕ ಹೋಗುವಾಗ ಅಲ್ಲಿ ಒಂದೆರಡು ದಿನ ಇಳಿದುಕೊಳ್ಳುವ ಯೋಚನೆಯಿದ್ದರೆ, ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ ಪ್ರವಾಸಿ ವೀಸಾ ವಿಷಯದಲ್ಲಿ 2022ರ ನವೆಂಬರ್‌ನಿಂದ ನಿರ್ಬಂಧವಿರುವುದನ್ನೂ ನೆನಪಿಡಿ.

ಕ್ಯಾಬಿನ್ ಮತ್ತು ಖರ್ಚು

ಕ್ಯಾಬಿನ್‌ಗಳಲ್ಲಿ ಕಿಟಕಿಯಿಲ್ಲದ ಒಳಗಿನದು, ಸಮುದ್ರ ಕಾಣುವ ಕಿಟಕಿಯದು, ಬಾಲ್ಕನಿಯದು ಎಂದು ದರ ಏರುತ್ತ ಹೋಗುತ್ತದೆ. ಹಗಲೆಲ್ಲ ದಡದಲ್ಲಿರುವ ಪ್ರವಾಸದಲ್ಲಿ ಒಳಗಿನ ಕ್ಯಾಬಿನ್ ಸಾಕು. ಉಳಿದ ಹಣದಲ್ಲಿ ಒಂದು ರಾತ್ರಿ ಹೆಚ್ಚಿಗೆ ಕೊಳ್ಳುವುದು ಮೇಲು. ತಲೆ ಸುತ್ತುವವರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಇರುವ ಕ್ಯಾಬಿನ್ ಕೊಡಿಸಿ, ಏಕೆಂದರೆ ತುದಿಗಳಲ್ಲಿ ಮತ್ತು ಮೇಲೆ ಓಲಾಟ ಹೆಚ್ಚು.

ಜಾಹೀರಾತಿನ ದರದ ಮೇಲೆ ಬಂದರು ಶುಲ್ಕ, ಸಿಬ್ಬಂದಿಗೆ ದಿನಕ್ಕಿಷ್ಟೆಂದು ತಲೆಯೆಣಿಕೆಯಲ್ಲಿ ವಸೂಲಿ ಮಾಡುವ ಟಿಪ್ಸ್, ಪಾನೀಯಗಳು, ಇಂಟರ್‌ನೆಟ್, ದಡದ ಪ್ರವಾಸಗಳು ಸೇರುತ್ತವೆ. ಇದರೊಂದಿಗೆ ಗ್ರೀಸ್ ಸರ್ಕಾರ 2025ರ ಜುಲೈಯಿಂದ ಕ್ರೂಸ್ ಪ್ರಯಾಣಿಕರಿಗೆ ತೆರಿಗೆ ಹಾಕಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ ಮತ್ತು ಮಿಕೊನೊಸ್‌ಗಳಲ್ಲಿ ಇಳಿಯುವವರು ತಲಾ 20 ಯೂರೋ, ಬೇರೆ ಬಂದರುಗಳಲ್ಲಿ 5 ಯೂರೋ, ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಇದು 12 ಮತ್ತು 3 ಯೂರೋಗೆ ಇಳಿಯುತ್ತದೆ. ನಿಮ್ಮ ದರದಲ್ಲಿ ಇದು ಸೇರಿದೆಯೇ ಎಂದು ಕೇಳಿ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ರೂಪಾಯಿ ಬೇಕೇ ಯೂರೋ ಬೇಕೇ ಎಂದು ಕೇಳಿದರೆ ಯೂರೋ ಎಂದೇ ಒತ್ತಬೇಕು, ರೂಪಾಯಿಯ ಲೆಕ್ಕದಲ್ಲಿ ವಿನಿಮಯ ದರ ನಿಮಗೆ ನಷ್ಟದ್ದಾಗಿರುತ್ತದೆ.

ಹಡಗು ಏರುವ ಹಿಂದಿನ ದಿನ

ಹಡಗು ಏರುವ ದಿನವೇ ಅಥೆನ್ಸ್‌ಗೆ ಬಂದಿಳಿಯುವ ವಿಮಾನವನ್ನು ಎಷ್ಟು ಅಗ್ಗವಾಗಿದ್ದರೂ ಹಿಡಿಯಬೇಡಿ. ಹಡಗು ಯಾರಿಗೂ ಕಾಯುವುದಿಲ್ಲ, ಮತ್ತು 2025ರ ಅಕ್ಟೋಬರ್‌ನಲ್ಲಿ ಆರಂಭವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು, ಭಾವಚಿತ್ರ ತೆಗೆಯುವುದರಿಂದ ವಿಮಾನ ನಿಲ್ದಾಣದಲ್ಲೂ ಹೊತ್ತು ಹೋಗುತ್ತದೆ. ಒಂದು ದಿನ ಮೊದಲು ಬಂದರೆ ಅಥೆನ್ಸ್‌ನ ಗುಡ್ಡದ ಮೇಲಿನ ಪುರಾತನ ದೇಗುಲಗಳ ತಾಣ ಅಕ್ರೊಪೊಲಿಸ್ ನೋಡಬಹುದು. ಅದರ ಟಿಕೆಟ್ 30 ಯೂರೋ, ನಿಗದಿತ ಗಂಟೆಗೆ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು, ಬೆಳಗಿನ ಮೊದಲ ಗಂಟೆಯನ್ನೇ ಆರಿಸಬೇಕು, ಏಕೆಂದರೆ ಬಿಸಿಗಾಳಿಯ ದಿನಗಳಲ್ಲಿ ಮಧ್ಯಾಹ್ನ ಅದನ್ನು ಮುಚ್ಚಿಬಿಡುತ್ತಾರೆ. ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೊದ ನೀಲಿ ಮಾರ್ಗ 2022ರಿಂದ ನೇರವಾಗಿ ಹೋಗುತ್ತದೆ, ಸುಮಾರು ಒಂದು ಗಂಟೆಯ ಹಾದಿ. ಆದರೆ ಸಾಮಾನು ಹೊತ್ತ ಗುಂಪಿಗೆ ನಿಲ್ದಾಣದಿಂದ ಕ್ರೂಸ್ ಟರ್ಮಿನಲ್‌ವರೆಗಿನ ದೂರ ಸುಸ್ತು ಮಾಡುತ್ತದೆ. ನಾಲ್ವರಿದ್ದರೆ ಟ್ಯಾಕ್ಸಿಯೇ ಸರಿ.

ಹಡಗಿನ ಬಾಗಿಲಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್‌ಗೆ ಬರಲು ಹಲವು ಗಂಟೆ ಹಿಡಿಯುವುದರಿಂದ ಔಷಧಿ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಊರಿನಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಲು ಅಡ್ಡಿಯಿಲ್ಲ, ಆದರೆ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಧಾರವಾಡದ ಪೇಡೆ, ತುಪ್ಪ, ಮೇ ತಿಂಗಳ ಹಾಪುಸ್ ಮಾವು ಮನೆಯಲ್ಲೇ ಉಳಿಯಬೇಕು.

ದಡದ ಮೇಲೆ

ಸ್ಯಾಂಟೊರಿನಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಯೋಜನೆಯಿಲ್ಲದೆ ಹೋದವರನ್ನು ಹೆಚ್ಚು ದಣಿಸುವ ದ್ವೀಪ ಅದು. ಕ್ರಿಸ್ತಪೂರ್ವ 1600ರ ಆಸುಪಾಸಿನ ಮಹಾಸ್ಫೋಟದಲ್ಲಿ ಜ್ವಾಲಾಮುಖಿಯ ನಡುಭಾಗ ಕುಸಿದು ಸಮುದ್ರ ಒಳನುಗ್ಗಿದ ಜಾಗದಲ್ಲಿ ಹಡಗು ನಿಲ್ಲುತ್ತದೆ. ಸುತ್ತಲೂ ಕಪ್ಪು, ಕೆಂಪು, ಬೂದು ಪದರಗಳ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಬಿಳಿ ಮನೆಗಳ ಸಾಲು. ನೀರು ತೀರಾ ಆಳವಾದ್ದರಿಂದ ಹಡಗು ಕಟ್ಟೆಗೆ ಬರುವುದಿಲ್ಲ, ಸ್ಥಳೀಯ ದೋಣಿಗಳು ಬಂದು ಜನರನ್ನು ಕರೆದೊಯ್ಯುತ್ತವೆ. ಗೇಟ್‌ವೇ ಆಫ್ ಇಂಡಿಯಾದಲ್ಲಿ ಎಲಿಫೆಂಟಾ ಲಾಂಚ್ ಹತ್ತಿದವರಿಗೆ ಈ ಹೆಜ್ಜೆ ಪರಿಚಿತವೇ: ದೋಣಿ ಒಂದಡಿ ಮೇಲೇಳುತ್ತದೆ, ಒಂದಡಿ ಕೆಳಗಿಳಿಯುತ್ತದೆ, ದೋಣಿಯವನು ನಿಮ್ಮ ಮೊಣಕೈ ಗಟ್ಟಿಯಾಗಿ ಹಿಡಿದು ಸರಿಯಾದ ಕ್ಷಣಕ್ಕೆ ಎಳೆದುಕೊಳ್ಳುತ್ತಾನೆ. ಅವನು ಎಳೆದಾಗ ಹಿಂಜರಿಯದೆ ಕಾಲಿಡಬೇಕು, ಎರಡೂ ಕೈ ಖಾಲಿಯಿರಬೇಕು, ಫೋನು ಚೀಲದೊಳಗೆ.

ದೋಣಿ ಇಳಿಸುವುದು ಫಿರಾ ಪಟ್ಟಣದ ಅಡಿಯಲ್ಲಿರುವ ಹಳೆಯ ಬಂದರಿನಲ್ಲಿ. ಅಲ್ಲಿಂದ ಮೇಲೇರಲು ಮೂರು ದಾರಿ: ಕೇಬಲ್ ಕಾರ್, 580ಕ್ಕೂ ಹೆಚ್ಚು ಮೆಟ್ಟಿಲು, ಕತ್ತೆ ಅಥವಾ ಹೇಸರಗತ್ತೆಯ ಸವಾರಿ. ಸವಾರಿಯನ್ನು ದಯವಿಟ್ಟು ಮಾಡಬೇಡಿ. ಪ್ರಾಣಿಗಳ ಮೇಲೆ ನೂರು ಕಿಲೋಗಿಂತ ಹೆಚ್ಚು ಭಾರ ಹೇರಬಾರದೆಂದು ಗ್ರೀಸ್ 2018ರಲ್ಲಿ ನಿಯಮ ಮಾಡಿತು. ನಿಯಮ ಬೇಕಾಯಿತೆಂಬುದೇ ಅವುಗಳ ಪಾಡನ್ನು ಹೇಳುತ್ತದೆ. ಸುಡುವ ಬಿಸಿಲಿನಲ್ಲಿ, ನುಣುಪಾದ ಕಲ್ಲಿನ ಮೇಲೆ, ದಿನವಿಡೀ ಹತ್ತಿ ಇಳಿಯುವ ಆ ಜೀವಗಳನ್ನು ಹತ್ತಿರದಿಂದ ಕಂಡ ಯಾರಿಗೂ ಮನಸ್ಸು ಬರಲಾರದು. ಮೆಟ್ಟಿಲು ಹತ್ತುವವರೂ ಅದೇ ದಾರಿಯಲ್ಲಿ ಅವುಗಳ ನಡುವೆ, ಲದ್ದಿಯ ಮೇಲೆ ಹೆಜ್ಜೆಯಿಡಬೇಕು. ಇಳಿಯುವಾಗ ಜಾರುವ ಅಪಾಯ ಹೆಚ್ಚು. ಕೇಬಲ್ ಕಾರ್ ಪ್ರಯಾಣ ಕೆಲವೇ ನಿಮಿಷಗಳದಾದರೂ ಸರತಿ ಉದ್ದವಿರುತ್ತದೆ. 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರೆಂಬ ಮಿತಿ ಹಾಕಿದ್ದಾರೆ, ಆದರೂ ಅಷ್ಟು ಜನರಲ್ಲಿ ಬಹುಪಾಲು ಇದೇ ಸರತಿಗೆ ಬರುತ್ತಾರೆ. ಆದ್ದರಿಂದ ಮೊದಲ ದೋಣಿ ಹಿಡಿಯಿರಿ, ಮರಳುವಾಗ ಎಲ್ಲರೂ ಹೊರಡುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲು ಸರತಿಯಲ್ಲಿ ನಿಲ್ಲಿ. ನಡೆಯಲಾಗದ ಗೆಳೆಯರಿದ್ದರೆ ಈ ದ್ವೀಪದಲ್ಲಿ ಮಾತ್ರ ಹಡಗಿನವರದೇ ಪ್ರವಾಸ ಕೊಳ್ಳುವುದು ಉತ್ತಮ. ಅವರನ್ನು ಸಾಮಾನ್ಯವಾಗಿ ಅಥಿನಿಯೊಸ್ ಬಂದರಿನಲ್ಲಿ ಇಳಿಸಿ ಅಲ್ಲಿಂದ ಬಸ್ಸಿನಲ್ಲಿ ಒಯ್ಯುತ್ತಾರೆ.

ಮೇಲೆ ತಲುಪಿದ ಮೇಲೆ ಎಲ್ಲರೂ ಸೂರ್ಯಾಸ್ತಕ್ಕೆ ಹೆಸರಾದ ಇಯಾ ಎಂಬ ಹಳ್ಳಿಗೆ ಓಡುತ್ತಾರೆ. ನನ್ನ ಸಲಹೆಯೆಂದರೆ ಬೆಳಿಗ್ಗೆ ಮೊದಲು ಅಕ್ರೊತಿರಿಗೆ ಹೋಗಿ. ಸ್ಪಿರಿಡಾನ್ ಮರಿನಾಟೋಸ್ ಎಂಬ ಪುರಾತತ್ತ್ವಜ್ಞರು 1967ರಲ್ಲಿ ಅಗೆಯಲಾರಂಭಿಸಿದ ಈ ಕಂಚಿನ ಯುಗದ ಊರು ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದರಿಂದಲೇ ಎರಡು ಮೂರು ಅಂತಸ್ತಿನ ಮನೆಗಳು, ಓಣಿ, ಚರಂಡಿ, ದೊಡ್ಡ ದೊಡ್ಡ ಹರವಿಗಳ ಸಮೇತ ಉಳಿದಿದೆ. ಮೇಲೆ ಛಾವಣಿಯಿರುವ ಕಾರಣ ಬಿಸಿಲಿನ ಬಾಧೆಯಿಲ್ಲ. ಅಲ್ಲಿಂದ ತೆಗೆದ ಭಿತ್ತಿಚಿತ್ರಗಳಲ್ಲಿ ಕೆಲವು ಫಿರಾದ ವಸ್ತುಸಂಗ್ರಹಾಲಯದಲ್ಲೂ ಕೆಲವು ಅಥೆನ್ಸ್‌ನಲ್ಲೂ ಇವೆ. ಇಯಾಗೆ ಫಿರಾದಿಂದ ಬಸ್ಸಿದೆ. ಗಟ್ಟಿಗರು ಬಂಡೆಯಂಚಿನ ಹಾದಿಯಲ್ಲಿ ಹತ್ತು ಕಿಲೋಮೀಟರ್ ನಡೆದೂ ಹೋಗಬಹುದು, ಮೂರು ನಾಲ್ಕು ಗಂಟೆ ಬೇಕು. ಹಡಗು ತಡವಾಗಿ ಹೊರಡುವ ದಿನ ಇಯಾದ ಕೋಟೆಯ ಗುಂಪಿನಲ್ಲಿ ನೂಕಾಡುವುದಕ್ಕಿಂತ ಮುಂಚೆಯೇ ಹಡಗಿಗೆ ಮರಳಿ ಡೆಕ್ಕಿನಿಂದ ಸೂರ್ಯಾಸ್ತ ನೋಡಿ. ಬಂಡೆಯ ಪದರಗಳ ಮೇಲೆ ಬೆಳಕು ಬದಲಾಗುವುದು ನೀರಿನ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ.

ಮಿಕೊನೊಸ್‌ನಲ್ಲಿ ದೊಡ್ಡ ಹಡಗುಗಳು ಊರಿಗೆ ಸುಮಾರು ಎರಡು ಕಿಲೋಮೀಟರ್ ದೂರದ ಹೊಸ ಬಂದರಿನಲ್ಲಿ ನಿಲ್ಲುತ್ತವೆ, ಅಲ್ಲಿಂದ ದೋಣಿಯಲ್ಲಿ ಹಳೆಯ ಬಂದರಿಗೆ ಬರಬಹುದು. ಗಾಳಿಗಿರಣಿಗಳು, ಪರಪೋರ್ತಿಯಾನಿ ಚರ್ಚು, ನೀರಿಗೆ ಚಾಚಿದ ಮನೆಗಳು ಎಲ್ಲ ಒಂದು ಗಂಟೆಯ ನಡಿಗೆಯಲ್ಲಿ ಮುಗಿಯುತ್ತವೆ. ಹಗಲಿನಲ್ಲಿ ಐದು ಗಂಟೆ ಸಿಕ್ಕಿದರೆ ಹಳೆಯ ಬಂದರಿನಿಂದ ಅರ್ಧ ಗಂಟೆ ದೋಣಿಯಲ್ಲಿ ಸಾಗಿ ಡೆಲೋಸ್ ನೋಡಲೇಬೇಕು. ಅಪೊಲೊ ಮತ್ತು ಆರ್ಟೆಮಿಸ್ ಹುಟ್ಟಿದರೆಂದು ಪುರಾಣ ಹೇಳುವ ಈ ದ್ವೀಪದಲ್ಲಿ ಈಗ ಪ್ರವಾಸಿಗರಿಗೆ ರಾತ್ರಿ ತಂಗಲು ಅವಕಾಶವಿಲ್ಲ. ಇರುವುದು ಒಂದು ಇಡೀ ನಗರದ ಕಲ್ಲುಗಳು. ಸಾಲಾಗಿ ಕೂತ ಅಮೃತಶಿಲೆಯ ಸಿಂಹಗಳನ್ನು ನಾಕ್ಸೊಸ್ ದ್ವೀಪದವರು ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ಅರ್ಪಿಸಿದರು. ಹೊರಗಿರುವುದು ಪ್ರತಿಕೃತಿಗಳು, ಮೂಲ ಸಿಂಹಗಳು ಒಳಗಿನ ವಸ್ತುಸಂಗ್ರಹಾಲಯದಲ್ಲಿ. ಮನೆಗಳ ಅಂಗಳದಲ್ಲಿ ಬಣ್ಣದ ಕಲ್ಲುಚೂರುಗಳ ನೆಲಹಾಸು ಇನ್ನೂ ಇದೆ, ಬಿಸಿಲು ಕಾಯಿಸುವ ಹಲ್ಲಿಗಳು ನೀವು ಬಾಗಿ ನೋಡುವಷ್ಟರಲ್ಲಿ ಸಂದಿಗೆ ಸರಿಯುತ್ತವೆ. ನೆರಳೇ ಇಲ್ಲ, ಆದ್ದರಿಂದ ಟೊಪ್ಪಿ ಮತ್ತು ತಲಾ ಎರಡು ಬಾಟಲಿ ನೀರು ಬೇಕು. ಮರಳುವ ದೋಣಿಯ ವೇಳೆಯನ್ನು ಟಿಕೆಟ್ ಕೊಳ್ಳುವಾಗಲೇ ಬರೆದುಕೊಳ್ಳಿ. ಸೋಮವಾರ ತಲುಪುವುದಾದರೆ ಡೆಲೋಸ್ ತೆರೆದಿರುತ್ತದೆಯೇ ಎಂದು ಮೊದಲೇ ನೋಡಿ.

ರೋಡ್ಸ್ ಗುಂಪಿಗೆ ಅತ್ಯಂತ ಸುಲಭದ ಬಂದರು. ಹಡಗಿನಿಂದ ಇಳಿದು ಕೆಲವು ನಿಮಿಷ ನಡೆದರೆ ಕೋಟೆಯ ಬಾಗಿಲು. ಸಂತ ಜಾನ್ ಪಂಥದ ಯೋಧರು 1309ರಿಂದ 1522ರವರೆಗೆ ಆಳಿದ ಈ ಊರಿನಲ್ಲಿ ಅವರ ಬೀದಿ, ಅರಮನೆ, ಆಮೇಲೆ ಬಂದ ತುರ್ಕರ ಮಸೀದಿಗಳು ಒತ್ತಾಗಿ ನಿಂತಿವೆ, ಯಾರು ಎಷ್ಟು ಹೊತ್ತಿಗೆ ಬೇಕಾದರೂ ಹಡಗಿಗೆ ಮರಳಬಹುದು. ಐವತ್ತು ಕಿಲೋಮೀಟರ್ ದೂರದ ಲಿಂಡೋಸ್‌ಗೆ ಇಡೀ ದಿನವಿದ್ದರೆ ಮಾತ್ರ ಹೋಗಿ. ಕ್ರೀಟ್‌ನ ಹೆರಾಕ್ಲಿಯಾನ್‌ನಲ್ಲಿ ಕ್ನೋಸೊಸ್ ಅರಮನೆ ಐದು ಕಿಲೋಮೀಟರ್ ದೂರ, ಊರಿನ ಬಸ್ಸೇ ಹೋಗುತ್ತದೆ. ಬ್ರಿಟಿಷ್ ಪುರಾತತ್ತ್ವಜ್ಞ ಆರ್ಥರ್ ಇವಾನ್ಸ್ 1900ರಿಂದ ಅಗೆಸಿ ತಮ್ಮ ಕಲ್ಪನೆಯಂತೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿಸಿದ ಭಾಗಗಳು ಅಲ್ಲಿರುವುದರಿಂದ, ಮೂಲ ವಸ್ತುಗಳಿರುವ ಊರಿನ ವಸ್ತುಸಂಗ್ರಹಾಲಯವನ್ನು ನೋಡದೆ ಆ ಭೇಟಿ ಪೂರ್ಣವಾಗದು. ಪಟ್ಮೋಸ್‌ನಲ್ಲಿ 1088ರಲ್ಲಿ ಸ್ಥಾಪನೆಯಾದ ಮಠಕ್ಕೆ ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಕುಶಾದಸಿಯಲ್ಲಿ ಇಳಿಯುವುದು ಎಫೆಸಸ್ ಎಂಬ ಪ್ರಾಚೀನ ನಗರದ ಅವಶೇಷಗಳಿಗಾಗಿ.

ಸ್ವಂತವಾಗಿ ಸುತ್ತುವವರು ತಡವಾದರೆ ಹಡಗು ಬಿಟ್ಟು ಹೋಗುತ್ತದೆ. ಹಡಗಿನವರ ಪ್ರವಾಸ ತಡವಾದರೆ ಸಾಮಾನ್ಯವಾಗಿ ಕಾಯುತ್ತದೆ. ಹಾಗಾಗಿ ದೂರದ ಜಾಗಗಳಿಗೆ ಹಡಗಿನವರ ಬಸ್ಸು, ಹತ್ತಿರದವಕ್ಕೆ ಸ್ವಂತ ಕಾಲು ಎಂದು ನಿಯಮ ಮಾಡಿಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ, ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ. ಹಡಗು ಸಮುದ್ರದಲ್ಲಿರುವಾಗ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಹಡಗಿನ ಉಪಗ್ರಹ ಜಾಲಕ್ಕೆ ಫೋನು ತಾನಾಗಿ ಸೇರಿಕೊಂಡರೆ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೆ ಭಾರಿ ಬಿಲ್ಲು ಬರುತ್ತದೆ.

ಊಟ

ಸಸ್ಯಾಹಾರಿಗಳು ಗ್ರೀಸ್‌ನಲ್ಲಿ ಹಸಿದಿರಬೇಕಾಗಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ವ್ರತದ ಅಡುಗೆಯಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ನಿಸ್ತೀಸಿಮೊ ಇದೆಯೇ ಎಂದು ಕೇಳಿದರೆ ಹೋಟೆಲಿನವರಿಗೆ ಕೂಡಲೇ ತಿಳಿಯುತ್ತದೆ. ಆದರೆ ಸಿಗಡಿ, ಆಕ್ಟೋಪಸ್‌ಗಳಿಗೆ ಆ ವ್ರತದಲ್ಲಿ ಅಡ್ಡಿಯಿಲ್ಲ, ಅವೂ ಬೇಡವೆಂದು ಬಿಡಿಸಿ ಹೇಳಬೇಕು. ಸ್ಯಾಂಟೊರಿನಿಯ ಹಳದಿ ಬೇಳೆಯ ಫಾವಾ, ಟೊಮೆಟೊ ವಡೆಗಳು, ಟೊಮೆಟೊ ರಸದಲ್ಲಿ ಬೇಯಿಸಿದ ಗಿಗಾಂಟೆಸ್ ಎಂಬ ದಪ್ಪ ಅವರೆಯಂಥ ಕಾಳು, ಎಣ್ಣೆಯಲ್ಲಿ ಬೆಂದ ತರಕಾರಿಯ ಬ್ರಿಯಾಮ್ ಧೈರ್ಯವಾಗಿ ತರಿಸಿ. ಅನ್ನ ತುಂಬಿದ ಟೊಮೆಟೊದಲ್ಲಿ ಕೈಮಾ ಸೇರಿಸುವುದೂ ಉಂಟು, ಕೇಳಿ ತಿನ್ನಿ. ಹಡಗಿನಲ್ಲಿ ಜೈನ ಊಟವೋ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವೋ ಬೇಕಾದರೆ ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಿ, ಏರಿದ ಸಂಜೆಯೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ನೆನಪಿಸಿ. ಸ್ಯಾಂಟೊರಿನಿಯಲ್ಲಿ ನಲ್ಲಿ ನೀರು ಕುಡಿಯಬಾರದು.

ಕೊನೆಯ ರಾತ್ರಿ

ಕೊನೆಯ ರಾತ್ರಿ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಹೊರಗಿಡಬೇಕು. ಮರುದಿನದ ಬಟ್ಟೆ, ಪಾಸ್‌ಪೋರ್ಟ್ ಅದರೊಳಗೆ ಹೋಗದಂತೆ ನೋಡಿಕೊಳ್ಳಿ. ಹಡಗಿನ ರಿಸೆಪ್ಷನ್ ಮುಂದೆ ಬೆಳಿಗ್ಗೆ ಉದ್ದದ ಸಾಲು ಇರುವುದರಿಂದ ಬಿಲ್ಲನ್ನು ರಾತ್ರಿಯೇ ತರಿಸಿ ಒಂದೊಂದು ಸಾಲನ್ನೂ ಓದಿ. ಗುಂಪಿನಲ್ಲಿ ಒಬ್ಬರು ಕುಡಿದ ಕಾಫಿ ಇನ್ನೊಬ್ಬರ ಕ್ಯಾಬಿನ್‌ಗೆ ಬರೆದಿರುವುದು ಸಾಮಾನ್ಯ. ಹಡಗು ಬೆಳಿಗ್ಗೆ ಪಿರೇಯಸ್ ತಲುಪಿದರೂ ವಿಮಾನ ಮಧ್ಯಾಹ್ನ ಒಂದರ ನಂತರದ್ದೇ ಇರಲಿ. ಊರಿಗೆ ಬಂದ ಮೇಲೆ ಒಂದು ಕೆಲಸ ಬಾಕಿಯಿರುತ್ತದೆ: ಪ್ಯಾಕೇಜ್ ಕೊಳ್ಳುವಾಗ ಏಜೆಂಟರು ವಸೂಲಿ ಮಾಡಿದ ಟಿಸಿಎಸ್ (ಮಾರಾಟದ ಹೊತ್ತಿಗೇ ಮುಂಗಡವಾಗಿ ಪಡೆಯುವ ಆದಾಯ ತೆರಿಗೆ) ಮೊತ್ತ ಯಾರ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆ ಎಂದು ಆದಾಯ ತೆರಿಗೆ ಪೋರ್ಟಲಿನ ತೆರಿಗೆ ಜಮೆಯ ವಿವರದಲ್ಲಿ ನೋಡಬೇಕು. ಒಬ್ಬರೇ ಎಲ್ಲರ ಪರವಾಗಿ ಹಣ ಕಟ್ಟಿದ್ದರೆ ಪೂರ್ತಿ ಮೊತ್ತ ಅವರ ಹೆಸರಿನಲ್ಲೇ ಇರುತ್ತದೆ. ಅವರು ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಪಡೆದುಕೊಂಡಾಗ ಉಳಿದವರ ಪಾಲನ್ನು ಹಂಚಬೇಕೆಂದು ಲೆಕ್ಕದ ಪಟ್ಟಿಯಲ್ಲಿ ಮೊದಲೇ ಬರೆದಿಡಿ.